ಬೆನ್ನಿಗಂಟಿ ಬಂದ ಪಿಕಪ್

ಚಿಕ್ಕಮಗಳೂರಿನಿಂದ ಹೊರಟು ಮೂಡಿಗೆರೆ, ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿದು ಉಜಿರೆಯ ಅಕ್ಕನ ಮನೆಗೆ ಹೋಗಿಬರುವುದು ನನಗೆ ಹಲವು ವರ್ಷಗಳ ರೂಢಿ. ಕಳೆದ ಆಷಾಢದ ಒಂದು ಸಂಜೆ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟ ಸ್ವಲ್ಪ ಹೊತ್ತಿಗೆ, ತರಕಾರಿ ಕ್ರೇಟು ತುಂಬಿದ ಪಿಕಪ್ ಒಂದು ನನ್ನ ಕಾರಿನ ಹಿಂದೆ ಎಷ್ಟು ಹತ್ತಿರ ಬಂತೆಂದರೆ, ಒಳಗನ್ನಡಿಯಲ್ಲಿ ಅದರ ಹೆಡ್‌ಲೈಟುಗಳು ಮರೆಯಾಗಿ, ಗಾಜಿಗೆ ಅಂಟಿಸಿದ್ದ ಮಂಜುನಾಥ ಸ್ವಾಮಿಯ ಚಿತ್ರ ಮಾತ್ರ ಕಾಣುತ್ತಿತ್ತು.

ಇಂಥ ಹೊತ್ತಿನಲ್ಲಿ ಹೆದರಿ ವೇಗ ಹೆಚ್ಚಿಸುವ ಬುದ್ಧಿ ಹುಟ್ಟುತ್ತದೆ, ಇಲ್ಲವೇ ಗಕ್ಕನೆ ಬ್ರೇಕ್ ಒತ್ತಿ ಪಾಠ ಕಲಿಸುವ ಹಟ ಹುಟ್ಟುತ್ತದೆ. ಮುಂದಿನ ವಾಹನದಿಂದ ಸಾಕಷ್ಟು ಅಂತರ ಕಾಯ್ದುಕೊಳ್ಳಬೇಕೆಂದು ಹಿಂದಿನವನಿಗೆ ಹೇಳುವ 2017ರ ಚಾಲನಾ ನಿಯಮಗಳೇ, ಸುರಕ್ಷತೆಯ ಕಾರಣವಿಲ್ಲದೆ ಹಠಾತ್ತನೆ ಬ್ರೇಕ್ ಹಾಕಬಾರದೆಂದು ಮುಂದಿನವನಿಗೂ ಹೇಳುತ್ತವೆ. ನಾನು ಮಾಡಿದ್ದು ಇಷ್ಟೇ: ಹಿಂದೆ ಇಲ್ಲದ ಜಾಗವನ್ನು ಮುಂದೆ ಮಾಡಿಕೊಂಡೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವುದಕ್ಕೇ ಒಂದೂವರೆ ಸೆಕೆಂಡು ಹಿಡಿಯುವುದರಿಂದ, ಮೂರು ಮೀಟರ್ ಹಿಂದಿರುವವನಿಗೆ ನಿಲ್ಲಿಸಲು ಅವಕಾಶವೇ ಇರುವುದಿಲ್ಲ. ಆದ್ದರಿಂದ ಮುಂದಿದ್ದ ಬಸ್ಸನ್ನು ದೂರ ಹೋಗಗೊಟ್ಟೆ. ಅದು ತಿರುವಿನಲ್ಲಿ ನಿಂತರೂ ನಾನು ಮೆಲ್ಲಗೆ ನಿಲ್ಲುವಂತಿರಬೇಕು, ಆಗ ಪಿಕಪ್ಪಿನವನಿಗೂ ಕಾಲಾವಕಾಶ ಸಿಗುತ್ತದೆ.

ರಸ್ತೆ ಅಗಲವಾದ ಕಡೆ, ಸಾಕಷ್ಟು ಮೊದಲೇ ಎಡ ಇಂಡಿಕೇಟರ್ ಹಾಕಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. (ಮಂಜು ಕವಿದಾಗ ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತ ಓಡಿಸುವವರು ನಮ್ಮ ಕಡೆ ಬಹಳ, ಅವರು ಯಾವ ಕಡೆ ಸರಿಯುತ್ತಾರೆಂಬುದು ಹಿಂದಿನವರಿಗೆ ತಿಳಿಯುವುದೇ ಇಲ್ಲ.) ದಾರಿ ಬಿಟ್ಟರೂ ಬೆನ್ನು ಬಿಡದವನಾಗಿದ್ದರೆ, ನಿರ್ಜನ ಜಾಗದಲ್ಲಿ ಇಳಿದು ಜಗಳಕ್ಕೆ ನಿಲ್ಲದೆ, ಜನರಿರುವ ಪೆಟ್ರೋಲ್ ಬಂಕಿನವರೆಗೆ ಹೋಗಿ 112ಕ್ಕೆ ಕರೆ ಮಾಡುತ್ತಿದ್ದೆ. ಅವನು ಹಾರ್ನ್ ಬಾರಿಸಿ ಮುಂದೆ ಹೋದ.

ಅಣ್ಣಪ್ಪ ಸ್ವಾಮಿ ದೇವಸ್ಥಾನದ ಮುಂದೆ ಕಾಣಿಕೆ ಹಾಕಲು ನಿಲ್ಲಿಸಿದಾಗ ಅದೇ ಪಿಕಪ್ ಅಲ್ಲಿತ್ತು. ನಾನು ಬಾಯಿ ತೆರೆಯುವ ಮೊದಲೇ ಚಾಲಕ, "ಸಾರ್, ನಿಮ್ ಗಾಡಿ ನಿಧಾನ ಆಗುತ್ತೆ, ಬ್ರೇಕ್ ಲೈಟೇ ಹತ್ತಲ್ಲ. ನಂಗೆ ಹ್ಯಾಗೆ ಗೊತ್ತಾಗ್ಬೇಕು?" ಎಂದ. ಅಷ್ಟು ಹತ್ತಿರ ಬಂದದ್ದು ಅವನ ತಪ್ಪೇ ಆದರೂ ಮಾತಿನಲ್ಲಿ ಹುರುಳಿತ್ತು. ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದಲೇ ವೇಗ ತಗ್ಗಿಸುವುದು ಸರಿಯಾದ ಕ್ರಮ. ಸದಾ ಬ್ರೇಕ್ ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದರೆ ಪೆಡಲ್ ಮುಟ್ಟದ ಹೊರತು ಹಿಂದಿನ ಕೆಂಪು ದೀಪ ಹತ್ತುವುದಿಲ್ಲವೆಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ತಿರುವಿಗೆ ಮೊದಲು, ವೇಗ ಕುಗ್ಗಿಸುವುದಕ್ಕಲ್ಲ, ದೀಪ ತೋರಿಸುವುದಕ್ಕೆಂದೇ ಪೆಡಲನ್ನು ಎರಡು ಸಲ ಮೆಲ್ಲಗೆ ಒತ್ತಿದೆ.

ಉಜಿರೆ ತಲುಪಿದ ಮೇಲೆ ಅಕ್ಕನ ಮಗನನ್ನು ಕಾರಿನ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿದೆ.

"ಮಾವ, ಬಲಗಡೆಯದ್ದು ಹತ್ತುತ್ತಿಲ್ಲ" ಎಂದ.