ಡಬ್ಬಿಯಲ್ಲಿದ್ದ ಮಂಡಿ ಲಾಕ್‌ಗಳು

ಕಾಲಿನಲ್ಲಿ ಬಲವಿಲ್ಲದವರು ನಡೆಯಲು ಕಟ್ಟಿಕೊಳ್ಳುವ ಕಂಬಿ-ಪಟ್ಟಿಯ ಆಧಾರಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಅದನ್ನು ಮಾಡುವುದು, ರಿಪೇರಿ ಮಾಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಟ್ರಸ್ಟಿನವರು ಕರೆದರು. ಪೋಲಿಯೋ ಆದ ಮಕ್ಕಳಿಗಾಗಿ ನಡೆಸುತ್ತಿದ್ದ ಹಾಸ್ಟೆಲ್ ಮುಚ್ಚಿ ಬಹಳ ಕಾಲ ಆಗಿತ್ತು. ಕಟ್ಟಡ ಖಾಲಿ ಮಾಡಬೇಕು, ಒಳಗಿನ ಸಾಮಾನಿನಲ್ಲಿ ಯಾವುದು ಇಟ್ಟುಕೊಳ್ಳುವಂಥದ್ದು, ಯಾವುದು ಗುಜರಿ ಅಂತ ನೋಡಿ ಹೇಳಿ ಅಂದರು. ಒಂದು ದಿನ ಬೇಕಾದ ಕೆಲಸವನ್ನು ಅರ್ಧ ದಿನದಲ್ಲಿ ಮುಗಿಸಿದೆ. ಎಡವಿದ್ದು ಅಲ್ಲೇ.

ನಡಿಗೆ ಕಲಿಸುವ ಜೋಡಿ ಕಂಬಿಗಳು ಹಾಗೇ ನಿಂತಿದ್ದವು, ನನ್ನ ತೊಡೆಯೆತ್ತರಕ್ಕೆ. ಹಿಂದಿನ ವರ್ಕ್‌ಶಾಪಿನ ಗೋಡೆಗೆ ಮೊಳೆ ಹೊಡೆದು ಸಾಲಾಗಿ ಕ್ಯಾಲಿಪರ್ ತೂಗುಹಾಕಿದ್ದರು. ಚರ್ಮದ ಪಟ್ಟಿ ಒಣಗಿ ಹಪ್ಪಳ ಆಗಿತ್ತು. ಒಂದು ಜೊತೆ ಬೂಟಿನಲ್ಲಿ ಎಡಗಾಲಿನ ಅಟ್ಟೆ ಎರಡು ಇಂಚು ದಪ್ಪ, ಬಲಗಾಲಿನದು ಮಾಮೂಲಿ. ಕೆಲವು ಪಟ್ಟಿಗಳಲ್ಲಿ ಬಕಲ್‌ಗೆ ಮೊಳೆಯಿಂದ ಕೊರೆದ ಹೆಚ್ಚುವರಿ ತೂತುಗಳಿದ್ದವು. ಮಕ್ಕಳೇ ಕೊರೆದುಕೊಂಡಿರಬೇಕು. ಕಾಲು ಬೆಳೆಯೋದು ಹೊಸ ಕ್ಯಾಲಿಪರ್ ಬರೋವರೆಗೆ ಕಾಯುತ್ತಾ?

‘ಇವನ್ನೆಲ್ಲ ಬಡ ಮಕ್ಕಳಿಗೆ ಕೊಟ್ಟರೆ ಹೇಗೆ?’ ಅಂತ ಟ್ರಸ್ಟಿನವರೊಬ್ಬರು ಕೇಳಿದರು. ಬೇಡ ಅಂದೆ. ಒಬ್ಬರ ಅಳತೆಗೆ ಮಾಡಿದ್ದು ಇನ್ನೊಬ್ಬರಿಗೆ ಆಗಲ್ಲ. ಮಂಡಿಯ ಜಾಯಿಂಟ್ ಸ್ವಲ್ಪ ಮೇಲೆ ಕೆಳಗೆ ಆದರೂ ಕೂತಾಗ ಪಟ್ಟಿ ತೊಡೆಗೆ ಒತ್ತುತ್ತದೆ. ಪೋಲಿಯೋದಲ್ಲಿ ಸ್ನಾಯುವಿನ ಬಲ ಹೋಗುತ್ತದೆ, ಸ್ಪರ್ಶ ಹೋಗುವುದಿಲ್ಲ. ನೋವು ಪೂರ್ತಿ ಗೊತ್ತಾಗುತ್ತದೆ. ಅಷ್ಟರ ಮಟ್ಟಿಗೆ ನಾನು ಹೇಳಿದ್ದು ಸರಿ.

ಆದರೆ ಮೇಜಿನ ಕೆಳಗೆ ಎರಡು ಬಿಸ್ಕತ್ ಡಬ್ಬಿಗಳಿದ್ದವು. ಅವುಗಳ ತುಂಬ ಒಮ್ಮೆಯೂ ಬಳಸದ ಮಂಡಿ ಜಾಯಿಂಟ್, ಬಳೆ ಲಾಕ್, ರಿವೆಟ್. ಅವನ್ನೂ ಗುಜರಿಯವನ ತಕ್ಕಡಿಗೆ ಸುರಿದೆ. ಲಸಿಕೆಯಿಂದ ಬಂದ ಅಪರೂಪದ ಪ್ರಕರಣ ಬಿಟ್ಟರೆ ಭಾರತದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿ 13ರದ್ದು, ಹೌರಾದ ಒಂದು ಮಗು. 2014ರ ಮಾರ್ಚ್‌ನಲ್ಲಿ ಪೋಲಿಯೋಮುಕ್ತ ಅನ್ನೋ ಸರ್ಟಿಫಿಕೇಟೂ ಸಿಕ್ಕಿತು. ಇನ್ನು ಯಾರಿಗೆ ಬೇಕು ಇದು ಅಂದುಕೊಂಡೆ.

ಎರಡೇ ವಾರಕ್ಕೆ ಐವತ್ತು ದಾಟಿದ ಟೈಲರ್ ಒಬ್ಬರು ಬಂದರು. ಆ ಹಾಸ್ಟೆಲಿನವರಲ್ಲ, ಬೇರೆ ಊರು. ಅವರು ಹಾಕಿಕೊಂಡಿದ್ದಂಥ ಕ್ಯಾಲಿಪರ್‌ನಲ್ಲಿ ಮಂಡಿಯ ಎರಡೂ ಪಕ್ಕ ಲಾಕ್ ಆಗಿ ಒಂದೊಂದು ಬಳೆ ಇರುತ್ತದೆ. ಎದ್ದು ಕಾಲು ನೆಟ್ಟಗೆ ಮಾಡಿದರೆ ತನ್ನ ಭಾರಕ್ಕೇ ಜಾರಿ ಜಾಯಿಂಟ್ ಮೇಲೆ ಟಕ್ ಅಂತ ಕೂರುತ್ತದೆ. ಕೂರುವಾಗ ಎರಡನ್ನೂ ಕೈಯಿಂದ ಮೇಲಕ್ಕೆಳೆಯಬೇಕು. ಅವರ ಒಳಪಕ್ಕದ ಬಳೆ ಸವೆದು ಹೋಗಿತ್ತು. ನಡೆಯುವಾಗ ಲಾಕ್ ಬಿಟ್ಟು ಮಂಡಿ ಮಡಚಿ ಎರಡು ಸಲ ಬಿದ್ದಿದ್ದರು.

ಪ್ಲಾಸ್ಟಿಕ್‌ದು ಮಾಡಿಕೊಡ್ತೀನಿ, ಹಗುರ ಇರುತ್ತೆ ಅಂದೆ.

‘ನಲವತ್ತು ವರ್ಷ ಇದರಲ್ಲೇ ನಡೆದಿದ್ದೀನಿ ಸಾರ್. ಹೊಸದು ಹಾಕ್ಕೊಂಡ್ರೆ ಮತ್ತೆ ನಡಿಯೋದು ಕಲೀಬೇಕು. ಈ ವಯಸ್ಸಲ್ಲಿ ಯಾರು ಕಲಿಸ್ತಾರೆ? ಬಳೆ ಒಂದು ಹಾಕಿಕೊಡಿ.’

ಅವರು ಹೇಳಿದ್ದು ನಿಜ. ಅದೂ ಅಲ್ಲದೆ, ಚಿಕ್ಕಂದಿನಲ್ಲಿ ಪೋಲಿಯೋ ಆದವರಲ್ಲಿ ಕೆಲವರಿಗೆ ಎಷ್ಟೋ ವರ್ಷದ ಮೇಲೆ ಮತ್ತೆ ನಿಶ್ಶಕ್ತಿ ಶುರುವಾಗುತ್ತದೆ. ಸರಿಯಾದ ಲಾಕ್ ಜಾಸ್ತಿ ಬೇಕಾಗುವುದೇ ಆಗ.

ಗುಜರಿ ಅಂಗಡಿಗೆ ಓಡಿದೆ. ಲೋಡ್ ಹೋಗಿಯಾಗಿತ್ತು. ಕೊನೆಗೆ ಲೇತ್‌ನವನನ್ನು ಕಾಡಿ ಒಂದು ಬಳೆ ಮಾಡಿಸಿದೆ. ಮೊದಲನೆಯದು ಬಿಗಿ ಆಯಿತು, ಎರಡನೆಯದು ಕೂತಿತು. ನಾಲ್ಕು ದಿನ ಹಿಡಿಯಿತು. ಅಷ್ಟು ದಿನವೂ ಅವರ ಅಂಗಡಿ ಬಾಗಿಲು ಹಾಕಿತ್ತು.

ಈಗ ಇಂಥ ಕಡೆ ಕರೆದರೆ ತಕ್ಕಡಿ ಬರುವ ಮೊದಲೇ ಹೋಗುತ್ತೇನೆ. ಚರ್ಮ, ಬೂಟು ಪಕ್ಕಕ್ಕೆ. ಜಾಯಿಂಟುಗಳನ್ನು ಎಡ ಬಲ ಜೊತೆ ಮಾಡಿ, ಬಳೆ ಏರಿಸಿ ಇಳಿಸಿ, ಅಲ್ಲಾಡದೇ ಇದ್ದರೆ ಮಾತ್ರ ತಂತಿಯಲ್ಲಿ ಕಟ್ಟಿ ಅಳತೆ ಬರೆದಿಡುತ್ತೇನೆ. ಸವೆದದ್ದು ಗುಜರಿಗೇ. ನನ್ನ ಹತ್ತಿರವೂ ಈಗ ಒಂದು ಬಿಸ್ಕತ್ ಡಬ್ಬಿ ಇದೆ. ಕಳೆದ ತಿಂಗಳು ಅದರಿಂದ ಎರಡು ಬಳೆ ಹೋದವು. ಎರಡೂ ಟೈಲರ್‌ಗೇ, ಹೊರಪಕ್ಕದ್ದೂ ಸವೆಯೋಕೆ ಶುರುವಾಗಿದೆಯಂತೆ, ಒಂದು ಸ್ಪೇರ್ ಇರಲಿ ಅಂದರು.