ಹಡಿಲು ಗದ್ದೆಗೆ ನಾನು ಬರೆದ ತಪ್ಪು ಪದ

ಕನ್ನಡದವರಿಗೆ ಮಲಯಾಳದಲ್ಲಿ ಅರ್ಜಿ ಬರೆದುಕೊಡುವುದು, ಮಲಯಾಳದಲ್ಲಿ ಬಂದ ಸರ್ಕಾರಿ ಕಾಗದವನ್ನು ಕನ್ನಡದಲ್ಲಿ ಓದಿ ಹೇಳುವುದು ನನ್ನ ಕೆಲಸ. ಕಾಸರಗೋಡಿನಲ್ಲಿ ಈ ಕೆಲಸಕ್ಕೆ ಎಂದೂ ಬರಗಾಲವಿಲ್ಲ. ಹದಿನಾಲ್ಕು ವರ್ಷ ಮಾಡಿದ ಮೇಲೂ ಒಂದು ಪದದಲ್ಲಿ ಎಡವಿದೆ. ನನ್ನ ಹಾಗೆ ಮೇಜಿಟ್ಟು ಕುಳಿತವರಿಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಕುಂಬಳೆಗೂ ಮಂಜೇಶ್ವರಕ್ಕೂ ನಡುವೆ, ಹೊಳೆ ಕಡಲು ಸೇರುವಲ್ಲಿ ಒಂದು ಅಳಿವೆ. ಕಡತ ಇನ್ನೂ ಮುಚ್ಚಿಲ್ಲ, ಹಾಗಾಗಿ ಊರಿನ ಹೆಸರು ಬೇಡ. ಹೊಳೆಯ ಬದಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳು, ಅದರಿಂದ ಈಚೆಗೆ ಉಪ್ಪುನೀರು ತಡೆಯುವ ಕಟ್ಟ, ಕಟ್ಟದಿಂದ ಈಚೆಗೆ ಗದ್ದೆ. ಏಣಿಲು, ಸುಗ್ಗಿ ಎಂಬ ಎರಡೂ ಭತ್ತದ ಬೆಳೆ ಬೆಳೆಯುತ್ತಿದ್ದ ಗದ್ದೆ ಹಡಿಲು ಬಿದ್ದು, ಅಂದರೆ ಬೇಸಾಯವಿಲ್ಲದೆ ಉಳಿದು, ಏಳೆಂಟು ವರ್ಷವಾಗಿದೆ. ಮಕ್ಕಳು ಗಲ್ಫಿಗೆ ಹೋದರು, ನೇಜಿ ನೆಡಲು ಜನ ಸಿಗಲಿಲ್ಲ, ಜಾಗ ಕೈ ಬದಲಾಯಿತು. ಕೊಂಡುಕೊಂಡವರು ಅಲ್ಲಿ ವಿಲ್ಲಾಗಳನ್ನು ಕಟ್ಟಲು ಹೊರಟರು.

ಕೇರಳದಲ್ಲಿ ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟುವುದು ಸುಲಭವಲ್ಲ. 2008ರಲ್ಲಿ ಗದ್ದೆ ಮತ್ತು ಜೌಗು ನೆಲಗಳನ್ನು ಉಳಿಸುವ ಕಾನೂನು ಬಂತು. ಯಾವ ಸರ್ವೆ ನಂಬರು ಗದ್ದೆ ಎಂದು ಪಟ್ಟಿ ಮಾಡಿದ ಡಾಟಾ ಬ್ಯಾಂಕ್ ಪ್ರತಿ ಪಂಚಾಯತಿಗೂ ಇದೆ. ಅದರಿಂದ ಹೆಸರು ತೆಗೆಸಬೇಕಾದರೆ ಫಾರಂ 5ರಲ್ಲಿ ಅರ್ಜಿ ಹಾಕಬೇಕು, ಕೃಷಿ ಅಧಿಕಾರಿ ಸ್ಥಳ ನೋಡಿ ವರದಿ ಕೊಡಬೇಕು. ವಿಲ್ಲಾದವರೂ ಆ ಅರ್ಜಿ ಹಾಕಿದ್ದರು. ಅವರ ವಾದ ಒಂದೇ: ಇದು ಗದ್ದೆಯಲ್ಲ, ಪಾಳು ಜಾಗ.

ಆಕ್ಷೇಪ ಬರೆಸಲು ನನ್ನಲ್ಲಿಗೆ ಬಂದವರಲ್ಲಿ ಮುಂದೆ ನಿಂತವರು ಅಳಿವೆಯಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುವ ಒಬ್ಬ ಹೆಂಗಸು. ಸೀರೆಯ ಅಂಚು ಇನ್ನೂ ಒದ್ದೆ. ಅವರ ಬಾವಿ ಆ ಗದ್ದೆಯ ಮಗ್ಗುಲಲ್ಲೇ ಇದೆ. ಗದ್ದೆಯಲ್ಲಿ ಮಳೆನೀರು ನಿಂತು ಇಂಗುವುದರಿಂದಲೇ ಬಾವಿಗೆ ಉಪ್ಪು ಏರದೆ ಉಳಿದಿದೆ ಎಂದು ವಿವರಿಸಿ, ಕೊನೆಗೆ ಹೇಳಿದರು: “ಹಡಿಲು ಬಿದ್ದದ್ದು ಹೌದು. ಅದನ್ನೂ ಬರೆಯಿರಿ, ಸುಳ್ಳು ಬೇಡ. ಹಡಿಲು ಬಿದ್ದರೂ ಗದ್ದೆ ಗದ್ದೆಯೇ ಅಲ್ಲವಾ?”

ಹೌದು, ಕಾನೂನೂ ಅದನ್ನೇ ಹೇಳುತ್ತದೆ. ವರ್ಷಕ್ಕೆ ಒಂದಾದರೂ ಭತ್ತದ ಬೆಳೆ ತೆಗೆಯುವ ನೆಲ ಮಾತ್ರವಲ್ಲ, ಬೆಳೆಯಲು ಯೋಗ್ಯವಾಗಿದ್ದು ಬೆಳೆಯದೆ ಬಿಟ್ಟ ನೆಲವೂ ಗದ್ದೆಯೇ. ಅದರ ಹುಣಿ (ಗದ್ದೆಯ ಬದು), ತೋಡು (ನೀರಿನ ಕಾಲುವೆ), ಕೆರೆ ಎಲ್ಲ ಅದರೊಳಗೇ ಸೇರುತ್ತವೆ. ಆ ಹೆಂಗಸು ಕಾನೂನು ಓದದೆಯೇ ಅದರ ಹೃದಯದ ಮಾತು ಆಡಿದ್ದರು. ನಾನು ಕೇಳಿಸಿಕೊಂಡೆ, ತಲೆಯಾಡಿಸಿದೆ, ಮಲಯಾಳದಲ್ಲಿ ‘ತರಿಶುಭೂಮಿ’ ಎಂದು ಬರೆದೆ.

ಬರೆಯಬೇಕಾಗಿದ್ದದ್ದು ‘ತರಿಶುನಿಲಂ’. ಮಲಯಾಳದ ಭೂದಾಖಲೆಗಳಲ್ಲಿ ‘ನಿಲಂ’ ಎಂದರೆ ಗದ್ದೆ, ‘ಪುರಯಿಡಂ’ ಎಂದರೆ ಮನೆ, ತೋಟಗಳ ಒಣ ಜಾಗ. ತರಿಶುನಿಲಂ ಎಂದರೆ ಹಡಿಲು ಬಿದ್ದ ಗದ್ದೆ. ತರಿಶುಭೂಮಿ ಎಂದರೆ ಯಾರಿಗೂ ಬೇಡದ ಪಾಳು ಭೂಮಿ. ಆ ದಿನ ಹನ್ನೊಂದು ಜನ ಕಾದಿದ್ದರು, ಕೈ ಓಡಿದಂತೆ ಬರೆದುಬಿಟ್ಟೆ. ಆದರೆ ಸಹಿ ಹಾಕಿದವರು ನಾನಲ್ಲ, ಆ ಹೆಂಗಸು.

ಸ್ಥಳ ತನಿಖೆಯ ದಿನ ನಾನೂ ಹೋಗಿದ್ದೆ. ವಿಲ್ಲಾದವರ ಕಡೆಯವರು ನಮ್ಮದೇ ಅರ್ಜಿಯ ಪ್ರತಿ ಹಿಡಿದು ಆ ಸಾಲನ್ನು ಗಟ್ಟಿಯಾಗಿ ಓದಿದರು. ಇವರೇ ಪಾಳು ಎಂದು ಒಪ್ಪಿಕೊಂಡಿದ್ದಾರಲ್ಲ, ಇನ್ನೇನು ನೋಡುವುದಿದೆ ಎಂದರು. ಆ ಹೆಂಗಸು ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಅವರು ಮಾತಾಡಲಿಲ್ಲ. ಎದೆಮಟ್ಟದ ಹುಲ್ಲಿನೊಳಗೆ ಇಳಿದು, ಎರಡೂ ಕೈಯಲ್ಲಿ ಹುಲ್ಲು ಬಿಡಿಸಿ, ಕಾಲಿನಿಂದ ತಡವಿ ಹುಣಿ ಎಲ್ಲಿದೆ ಎಂದು ತೋರಿಸಿದರು. ಹುಣಿಯ ಮೇಲೆಯೇ ನಡೆದು ತೋಡಿನವರೆಗೆ ಹೋದರು. ತೋಡಿನಲ್ಲಿ ನೀರು ಹರಿಯುತ್ತಿತ್ತು. ಹಿಂದೆ ಬರುತ್ತಾ ಗದ್ದೆಯ ನಡುವೆ ನಿಂತು ಹಿಮ್ಮಡಿ ಒತ್ತಿದರು. ಗುಳಿಯಲ್ಲಿ ನೀರು ಊರಿ ಬಂತು. ಕೃಷಿ ಅಧಿಕಾರಿ ಬಗ್ಗಿ ನೋಡಿದರು, ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಮರುದಿನ ಬೆಳಿಗ್ಗೆ ತಿದ್ದುಪಡಿ ಪತ್ರ ಕೊಟ್ಟೆ. ತಪ್ಪು ಅರ್ಜಿದಾರರದ್ದಲ್ಲ, ಅನುವಾದ ಮಾಡಿದ ನನ್ನದು ಎಂದು ಹೆಸರು ಹಾಕಿ ಬರೆದೆ. ಜೊತೆಗೆ ಆ ಹೆಂಗಸಿನ ಅಜ್ಜನ ಕಾಲದ ಚಾಲಗೇಣಿ ಚೀಟಿನ, ಅಂದರೆ ಗೇಣಿ ಕರಾರಿನ, ನಕಲನ್ನೂ ಇಟ್ಟೆ. ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗಿನ, ಅಂದರೆ 1956ಕ್ಕೆ ಮೊದಲಿನ ಕಾಗದ, ಕನ್ನಡದ್ದು. ಮಡಿಕೆಗಳಲ್ಲಿ ಹರಿದಿದ್ದರೂ ಅಕ್ಷರ ಸ್ಪಷ್ಟವಾಗಿತ್ತು: ನಂಜ (ನೀರಿನ ಜಮೀನು), ಮಜಲು ಗದ್ದೆ, ಗೇಣಿ ಅಕ್ಕಿ ಇಷ್ಟು ಮುಡಿ. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ಗಡಿಗಳ ವಿವರದಲ್ಲಿ, ಪಡುವಕ್ಕೆ ‘ಕಾಂಡ್ಲವೂ ಹೊಳೆಯೂ’. ಬಯಲು ಮೂರು ಬೆಳೆಗೆ, ಮಜಲು ಎರಡಕ್ಕೆ, ಬೆಟ್ಟು ಒಂದಕ್ಕೆ ಎಂಬ ಲೆಕ್ಕ ನಮ್ಮ ಹಿರಿಯರಿಗೆ ಬಾಯಿಪಾಠ. ಮಲಯಾಳ ಮಾತ್ರ ಬಲ್ಲ ಅಧಿಕಾರಿಗೆ ‘ಮಜಲು’ ಒಂದು ಊರಿನ ಹೆಸರಿನಂತೆ ಕಂಡೀತು. ಅದಕ್ಕೆ ಪಕ್ಕದಲ್ಲೇ ‘ವರ್ಷಕ್ಕೆ ಎರಡು ಬೆಳೆಯ ನಿಲಂ’ ಎಂದು ಬಿಡಿಸಿ ಬರೆದೆ.

ಆ ‘ಕಾಂಡ್ಲವೂ ಹೊಳೆಯೂ’ ಇನ್ನೊಂದು ದಾರಿ ತೆರೆಯಿತು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಕಾಂಡ್ಲಕ್ಕೆ ಅತಿ ಹೆಚ್ಚಿನ ರಕ್ಷಣೆಯಿದೆ. ಭರತದ (ಕಡಲ ಉಬ್ಬರದ) ನೀರು ಏರುವ ಹೊಳೆಯ ದಡದಲ್ಲಿ 50 ಮೀಟರ್, ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ನಿಯಂತ್ರಣಕ್ಕೆ ಒಳಪಡುತ್ತದೆ. ಭರತದ ಪ್ರಭಾವ ಎಲ್ಲಿವರೆಗೆ ಎಂದು ಅಳೆಯುವುದು ಉಪ್ಪಿನಿಂದ: ಅತಿ ಒಣ ಕಾಲದಲ್ಲಿ ನೀರಿನ ಸಾವಿರ ಪಾಲಿನಲ್ಲಿ 5 ಪಾಲು ಉಪ್ಪು. ಮರುವಾಯಿ ಹೆಕ್ಕುವವರು ಬೇಸಗೆಯಲ್ಲಿ ಹೊಳೆಯ ಯಾವ ತಿರುವಿನವರೆಗೆ ಉಪ್ಪು ಏರುತ್ತದೆ ಎಂದು ನಾಲಿಗೆಯಿಂದಲೇ ಬಲ್ಲರು. ಆ ತಿರುವುಗಳನ್ನು ಸರ್ವೆ ನಂಬರಿನೊಂದಿಗೆ ಬೇರೆ ಅರ್ಜಿಯಲ್ಲಿ ಬರೆದೆವು. ಒಮ್ಮೆ ಕಟ್ಟಿದರೆ ಯಾರು ಕೆಡವುತ್ತಾರೆ ಎಂದು ಹೇಳುವವರಿಗೆ ಕೊಚ್ಚಿಯ ಮರಡು ನೆನಪಿರಬೇಕು. ಅಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಕರಾವಳಿ ವಲಯದ ನಿಯಮ ಮೀರಿ ಕಟ್ಟಿದ ಫ್ಲ್ಯಾಟುಗಳನ್ನು ಸ್ಫೋಟಿಸಿ ಕೆಡವಿದರು. ಸಾಲ ಮಾಡಿ ಕೊಂಡವರ ಮನೆಗಳೂ ಅದರಲ್ಲಿ ಹೋದವು. ಮೊದಲೇ ತಡೆಯುವುದು ಅವರಿಗೂ ಒಳ್ಳೆಯದು.

ಗದ್ದೆ ಸದ್ಯಕ್ಕೆ ಡಾಟಾ ಬ್ಯಾಂಕಿನಲ್ಲೇ ಇದೆ.

ಈಗ ನನ್ನ ಮೇಜಿನಲ್ಲಿ ಒಂದು ರೂಢಿ ಬದಲಾಗಿದೆ. ಮಲಯಾಳ ಅನುವಾದವನ್ನು ಒಂಟಿಯಾಗಿ ಕಳಿಸುವುದಿಲ್ಲ. ಅರ್ಜಿದಾರರು ಆಡಿದ ಕನ್ನಡ ಅವರ ಸಹಿಯೊಂದಿಗೆ ಮೇಲೆ, ಅನುವಾದ ಕೆಳಗೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಅಂದು ಹಾಗೆ ಮಾಡಿದ್ದರೆ ‘ಹಡಿಲು’ ಎಂಬ ಪದವಾದರೂ ಕಡತದಲ್ಲಿ ಉಳಿಯುತ್ತಿತ್ತು.

ಆ ಹೆಂಗಸು ಕಳೆದ ವಾರ ಮತ್ತೆ ಬಂದಿದ್ದರು, ಕಟ್ಟದ ದುರಸ್ತಿಗೆ ಅರ್ಜಿ ಬರೆಸಲು. ಬರೆದು ಮುಗಿಸಿ ಓದಿ ಹೇಳಿದೆ. ಪೂರ್ತಿ ಕೇಳಿ, ಪೆನ್ನು ಕೈಗೆ ತೆಗೆದುಕೊಳ್ಳುವ ಮೊದಲು ಕೇಳಿದರು: “ಹಡಿಲಿಗೆ ಏನು ಬರೆದಿದ್ದೀರಿ? ಅದನ್ನು ಇನ್ನೊಮ್ಮೆ ಓದಿ.”