ಶುರು ಮಾಡ್ರಿ ಸಾಹೇಬ್ರ

ನಾಲ್ಕು ದಿನವಾಯಿತು, ಕಾಕಾ ಅಂದ ಒಂದು ಮಾತು ಕಿವಿಯಿಂದ ಹೋಗುತ್ತಿಲ್ಲ.

ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗಿದ್ದರು. ಕಲಬುರಗಿಯ ಮೇ ತಿಂಗಳು, 42 ಡಿಗ್ರಿ, ಮಟಮಟ ಮಧ್ಯಾಹ್ನ. ಎಲ್ಲರೂ ಕಾಲು ಸುಡುತ್ತದೆ ಅಂತ ನೆರಳಿಗೆ ಓಡುವಾಗ ಇವರು ಬರಿಗಾಲಲ್ಲಿ ನಿಧಾನಕ್ಕೆ ಕಲ್ಲುಹಾಸಿನ ಮೇಲೆ ಸುತ್ತು ಹಾಕಿ ಬಂದರಂತೆ. ರಾತ್ರಿ ಚಿಗವ್ವ ನೋಡಿದರೆ ಚಾದರದ ಮೇಲೆ ಒದ್ದೆ ಕಲೆ, ಅಂಗಾಲಲ್ಲಿ ಒಡೆದ ಗುಳ್ಳೆ. ಕಾಕಾಗೆ ಗೊತ್ತೇ ಇಲ್ಲ.

ಮರುದಿನ ನಾನೇ ಕರೆದುಕೊಂಡು ಹೋದೆ. ಡಾಕ್ಟರ್ ಕಣ್ಣು ಮುಚ್ಚಲು ಹೇಳಿ, ಒಂದು ನೈಲಾನ್ ಎಳೆ ತೆಗೆದು, "ಪಾದಕ್ಕ ಹತ್ತಿದ ಕೂಡ್ಲೆ ಹೂಂ ಅನ್ರಿ" ಎಂದರು. ಎಳೆ ಬಾಗುವ ತನಕ ಒತ್ತುವುದು, ಬಾಗಿದರೆ 10 ಗ್ರಾಂ ಭಾರ ಬಿತ್ತು ಅಂತ ಲೆಕ್ಕ. ಹೆಬ್ಬೆರಳಿಗೆ ಒತ್ತಿದರು, ಬಾಗಿತು. ಕಿರುಬೆರಳಿನ ಬುಡಕ್ಕೆ ಒತ್ತಿದರು, ಬಾಗಿತು. ಕಾಕಾ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಕಾಯುತ್ತಾ ಕೂತಿದ್ದರು. ಆಮೇಲೆ ಅಂದರು, "ಶುರು ಮಾಡ್ರಿ ಸಾಹೇಬ್ರ."

ಅಷ್ಟೊತ್ತಿಗೆ ನಾಲ್ಕು ಕಡೆ ಮುಗಿದಿತ್ತು.

ಶುಗರ್ ಬಂದು 12 ವರ್ಷ. ಜತೆಗೆ ಬಿಪಿ. "ತಲಿ ನೋಯಂಗಿಲ್ಲ, ಚಕ್ಕರ್ ಬರಂಗಿಲ್ಲ, ಸುಮ್ನೆ ಯಾಕ ಗುಳಿಗಿ ನುಂಗ್ಲಿ?" ಅಂತ ಬಿಪಿ ಗುಳಿಗೆ ಬಿಟ್ಟು ವರ್ಷವಾಗಿತ್ತು. ಅವತ್ತು 168/96. ಇವರಿಗೆ 130/80ರ ಒಳಗಿರಬೇಕಂತೆ. ಮುಟ್ಟಿದ್ದು ತಿಳಿಸುವ ಪಾದದ ನರಗಳೇ ಕೆಟ್ಟಿವೆಯಂತೆ. ನರಕ್ಕೂ ರಕ್ತ ಬೇಕಲ್ವಾ, ಅದನ್ನು ಒಯ್ಯುವ ನಾಳಗಳು ಕೂದಲಿಗಿಂತ ಸಣ್ಣ, ಶುಗರ್ ಅವನ್ನು ಒಳಗಿಂದ ಕೆಡಿಸುವಾಗ ಬಿಪಿಯೂ ಸೇರಿದರೆ ಜಾಸ್ತಿ ಬೇಗ ಕೆಡುತ್ತವೆ ಎಂದರು ಡಾಕ್ಟರ್. ಎಲ್ಲಕ್ಕಿಂತ ಉದ್ದದ ನರಗಳು ಪಾದಕ್ಕೆ ಹೋಗುವವು, ಅದಕ್ಕೇ ಮೊದಲು ಪೆಟ್ಟು ಪಾದಕ್ಕೆ. ಸತ್ತ ನರ ಮತ್ತೆ ಮೊದಲಿನಂತಾಗುವುದು ಕಷ್ಟ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು.

ಚಿಗವ್ವ ಎರಡು ವರ್ಷದಿಂದ ಹೇಳುತ್ತಲೇ ಇದ್ದರು. "ಚಪ್ಪಲಿ ಕಾಲಿಂದ ಜಾರಿ ಹಿಂದ ಬಿದ್ರೂ ಇವರಿಗೆ ತಿಳ್ಯಂಗಿಲ್ಲ ನೋಡು." ನಾವೆಲ್ಲ ನಕ್ಕಿದ್ದೆವು. ನಾಲ್ಕನೇ ಕ್ಲಾಸು ಓದಿದ ಹೆಂಗಸು ರೋಗ ಹಿಡಿದಿದ್ದರು, ನಾವು ಓದಿದವರು ನಕ್ಕೆವು. ಪುಣೆಯಲ್ಲಿರುವ ಮಗ ಫೋನ್ ಮಾಡಿ ಶುಗರ್ ಎಷ್ಟು ಬಂತು ಅಂತಷ್ಟೇ ಕೇಳುತ್ತಾನೆ, ಅವನ ಮೇಲೆ ಸಿಟ್ಟು ಬರುತ್ತದೆ. ಮೊದಲು ತೋರಿಸುತ್ತಿದ್ದ ದವಾಖಾನೆಯ ಮೇಲೆ ಇನ್ನೂ ಜಾಸ್ತಿ. ವರ್ಷಕ್ಕೊಮ್ಮೆಯಾದರೂ ಪಾದ ನೋಡಬೇಕಂತೆ. ಇಷ್ಟು ವರ್ಷದಲ್ಲಿ ಅಲ್ಲಿ ಒಬ್ಬರೂ ಚಪ್ಪಲಿ ಬಿಚ್ಚಿ ಅಂದಿರಲಿಲ್ಲ. ಆ ಎಳೆಯ ಪರೀಕ್ಷೆಗೆ ಹಿಡಿದದ್ದು ಎರಡೇ ನಿಮಿಷ.

ನೋವಿಲ್ಲ ಅಂದರೆ ಆರಾಮ ಅಂತಲೇ ನಮ್ಮ ಮನೆಗಳಲ್ಲಿ ತಿಳಿದಿದ್ದೇವೆ. ಹೊಲದಲ್ಲಿ ಮುಳ್ಳು ತುಳಿದೂ ಸುಮ್ಮನಿದ್ದವರನ್ನು ಗಟ್ಟಿ ಆಳು ಅಂತ ಹೊಗಳಿದ್ದೇವೆ. ಅವರಲ್ಲಿ ಎಷ್ಟು ಜನಕ್ಕೆ ಮುಳ್ಳು ಚುಚ್ಚಿದ್ದೇ ಗೊತ್ತಾಗಿರಲಿಲ್ಲವೋ.

ವಾಪಸ್ ಬರುವಾಗ ಆಟೋದಲ್ಲಿ ಕಾಕಾ ತುಂಬಾ ಹೊತ್ತು ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಮೆಲ್ಲಗೆ ಕೇಳಿದರು.

"ಅವರು ಖರೇನ ಮುಟ್ಟಿದ್ರೇನು?"

"ಹೂಂ ಕಾಕಾ. ನಾಲ್ಕು ಸಲ."

ಪಟ್ಟಿ ಕಟ್ಟಿದ ಕಾಲನ್ನು ಎತ್ತಿ ತೊಡೆ ಮೇಲೆ ಇಟ್ಟುಕೊಂಡು, ಹೆಬ್ಬೆರಳನ್ನು ತಾವೇ ಒತ್ತಿ ಒತ್ತಿ ನೋಡುತ್ತಿದ್ದರು.